ಕಳಲೆಯ ಮೊದಲ ನೀರು

ಹೆಚ್ಚಿದ ಕಳಲೆ, ಬಿದಿರಿನ ಎಳೆ ಚಿಗುರು, ರಾತ್ರಿಯಿಡೀ ನೀರಿನಲ್ಲಿ ನೆನೆದಿತ್ತು. ಕಮಲಕ್ಕ ಅದರ ನೀರನ್ನು ಒಂದು ತಪ್ಪಲೆಗೆ ಬಗ್ಗಿಸಿಕೊಂಡು ಹಿತ್ತಲಿಗೆ ಇಳಿದರು. ಅಡುಗೆಮನೆಯ ಬಾಗಿಲಲ್ಲೇ ಚರಂಡಿ ಇತ್ತು. ಅದನ್ನು ದಾಟಿ, ಭಾರದ ತಪ್ಪಲೆ ಹೊತ್ತು ಬೇಲಿಯ ತುದಿಯವರೆಗೂ ನಡೆದರು. ನೀರನ್ನು ಮಣ್ಣಿಗೆ ಸುರಿದು, ಪೂರ್ತಿ ಇಂಗುವವರೆಗೆ ಅಲ್ಲೇ ನಿಂತರು. ಆಮೇಲೆ ಕೈ ಮುಗಿದು, "ಗೌರೀ, ತಪ್ಪಾಯ್ತು" ಅಂದರು.

ಬಾಗಿಲಲ್ಲಿ ನಿಂತ ಅರ್ಪಣಾ ಅದನ್ನೆಲ್ಲ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡಳು. ಹನ್ನೆರಡು ವರ್ಷದ ಹಿಂದೆ ಕೊಪ್ಪದಲ್ಲಿ ಪಿಯುಸಿ ಓದುವಾಗ ಅವಳು ದಿನಾ ಉಣ್ಣುತ್ತಿದ್ದದ್ದು ಬಸ್‌ಸ್ಟ್ಯಾಂಡಿನ ಹಿಂದಿನ ಈ ಊಟದ ಮನೆಯಲ್ಲೇ. ಆಗ ಕಮಲಕ್ಕನ ಅತ್ತೆಯೂ ಇದ್ದರು. ಆ ಅಜ್ಜಿಯೇ ಕಳಲೆ ಪಲ್ಯ ಮಾಡಿದ ದಿನ ಕೇಳದೆಯೇ ಎರಡನೇ ಸಲ ಬಡಿಸಿ, "ಉಣ್ಣು ಕೂಸೇ, ಮಳೆಗಾಲ ಮುಗಿದ್ರೆ ಇದು ಸಿಕ್ಕೂದಿಲ್ಲ" ಅನ್ನುತ್ತಿದ್ದರು. ಆ ರುಚಿ ನಾಲಿಗೆಯ ಮೇಲೆ ಉಳಿದುಬಿಟ್ಟಿತ್ತು. ಈಗ ಅವಳು ಮೈಸೂರಿನಲ್ಲಿ ಮಾನವಶಾಸ್ತ್ರದ ಸಂಶೋಧಕಿ. ಮನುಷ್ಯನಿಗೆ ಸಂಸ್ಕೃತಿ ಎಂಬುದು ಎಲ್ಲಿಂದ ಬಂತು ಎಂಬುದೇ ಅವಳ ಪ್ರಬಂಧದ ವಿಷಯ.

"ಚರಂಡಿ ಇಲ್ಲೇ ಇದೆಯಲ್ಲ ಕಮಲಕ್ಕ. ಅಷ್ಟು ದೂರ ಹೊತ್ಕೊಂಡು ಹೋಗೋದು ಯಾಕೆ?"

"ಎಂತಕ್ಕೋ ಏನೋ. ಅತ್ತೆ ಹಂಗೇ ಮಾಡ್ತಿದ್ರು, ನಾನೂ ಮಾಡ್ತೀನಿ. ಮದುವೆಯಾದ ಹೊಸದ್ರಲ್ಲಿ ಒಂದ್ಸಲ ಕೇಳಿದ್ದೆ. ಎರಡು ದಿನ ನನ್ ಹತ್ರ ಮಾತೇ ಆಡ್ಲಿಲ್ಲ ಮಾರಾಯ್ತಿ. ಮತ್ತೆ ಕೇಳೋ ಧೈರ್ಯ ಆಗ್ಲಿಲ್ಲ."

ಅರ್ಪಣಾಳ ಕಣ್ಣು ಅರಳಿತು. ಮಧ್ಯಾಹ್ನ ಊಟದ ಹೊತ್ತು ಮುಗಿದಾಗ ಮೂಲೆಯಲ್ಲಿ ಕೂತ ಒಬ್ಬ ಅಜ್ಜನನ್ನು ಬಿಟ್ಟರೆ ಬೆಂಚುಗಳು ಖಾಲಿಯಾಗಿದ್ದವು. ಅವಳು ಕಮಲಕ್ಕನನ್ನು ಕೂರಿಸಿಕೊಂಡು ಒಂದು ಪ್ರಯೋಗದ ಬಗ್ಗೆ ಹೇಳತೊಡಗಿದಳು. ಒಂದು ಪೆಟ್ಟಿಗೆಯೊಳಗೆ ತಿಂಡಿ ಇಟ್ಟು, ತೆಗೆಯುವುದು ಹೇಗೆಂದು ಚಿಂಪಾಂಜಿಗೂ ಮಗುವಿಗೂ ತೋರಿಸಿಕೊಡುತ್ತಾರೆ. ನಡುವೆ ಸುಮ್ಮನೆ ಮೂರು ಸಲ ಮುಚ್ಚಳ ಕುಟ್ಟುತ್ತಾರೆ. ಚಿಂಪಾಂಜಿ ಕುಟ್ಟುವ ಗೊಡವೆಗೇ ಹೋಗದೆ ತಿಂಡಿ ತೆಗೆದುಕೊಳ್ಳುತ್ತದೆ. ಮನುಷ್ಯರ ಮಗು ಮಾತ್ರ ತಪ್ಪದೆ ಮೂರು ಸಲ ಕುಟ್ಟುತ್ತದೆ.

"ಹಂಗಾದ್ರೆ ಮಂಗನೇ ಬುದ್ಧಿವಂತ ಅಂತಾಯ್ತು!" ಕಮಲಕ್ಕ ನಕ್ಕರು.

"ಅಲ್ಲ ಕಮಲಕ್ಕ, ಅಲ್ಲೇ ಇರೋದು ಗುಟ್ಟು. ಕಳಲೇಲಿ ವಿಷ ಇದೆ ಅಂತ ಹಿಂದಿನವರಿಗೆ ಯಾರು ಹೇಳಿದ್ರು? ಆದ್ರೂ ಮೂರು ದಿನ ನೀರು ಬದಲಾಯಿಸಿದ್ರು. ಕಾರಣ ಗೊತ್ತಿಲ್ಲದಿದ್ರೂ ಬಿಡಲಿಲ್ಲ, ಅದಕ್ಕೇ ಬದುಕಿದ್ರು. ನಿಮ್ಮ ಗೌರಿ ಪ್ರಾರ್ಥನೆಯೂ ಹಾಗೇ. ಕಾಡಿನಿಂದ ಚಿಗುರು ಕಿತ್ತದ್ದಕ್ಕೆ ದೇವಿ ಹತ್ರ ಕ್ಷಮೆ ಕೇಳೋದು. ಎಷ್ಟು ಸಾವಿರ ವರ್ಷದ್ದೋ! ನನ್ನ ಪ್ರಬಂಧ ಶುರುವಾಗೋದೇ ಇದರಿಂದ."

"ಹಂಗೆಲ್ಲ ಬರೀಬೇಡ ಮಾರಾಯ್ತಿ," ಎಂಬ ದನಿ ಮೂಲೆಯಿಂದ ಬಂತು.

ಮೂಲೆಯ ಬೆಂಚಿನಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ರಘುಪತಿ ಲೋಟ ಕೆಳಗಿಟ್ಟಿದ್ದರು. ಕಮಲಕ್ಕನ ಅತ್ತೆಯ ತಮ್ಮ ಅವರು, ಎಂಬತ್ತರ ಹತ್ತಿರ. ಎನ್.ಆರ್. ಪುರದಿಂದ ಕೊಪ್ಪಕ್ಕೆ ಬಂದಾಗಲೆಲ್ಲ ಇಲ್ಲೇ ಉಂಡು ಹೋಗುವವರು.

"ಯಾಕೆ ಮಾವ?" ಎಂದರು ಕಮಲಕ್ಕ.

"ಗೌರಿ ದೇವರಲ್ಲ. ಕರು."

ಇಬ್ಬರೂ ಅವರತ್ತ ತಿರುಗಿದರು. ಅವರು ಮುಂದುವರಿಸಿದರು.

"ಅಕ್ಕನ್ನ ಕಮ್ಮರಡಿಗೆ ಕೊಟ್ಟಾಗ ಅವಳಿಗೆ ಹದಿನೈದು. ನಂಗೆ ಹತ್ತು. ಮನೇಲಿ ಅವಳು ಮುದ್ದಿನಿಂದ ಸಾಕಿದ ಕರು ಅದು. ಬಿಟ್ಟು ಹೋಗೂದಿಲ್ಲ ಅಂತ ಅತ್ತಳು ಅಂತ ಅಪ್ಪಯ್ಯ ಅದನ್ನೂ ಕೊಟ್ರು. ನಾನೂ ಅಪ್ಪಯ್ಯನೂ ಎರಡು ದಿನ ನಡೆಸ್ಕೊಂಡು ಹೋಗಿ ಬಿಟ್ಟು ಬಂದ್ವಿ. ಆ ವರ್ಷ ಮಳೆಗಾಲದಲ್ಲಿ ಅಕ್ಕನಿಗೆ ಕಳಲೆ ಕೆಲಸ ಹೇಳಿದ್ರು. ಹೊಸ ಮನೆ, ಗಾಬರಿ. ಮೊದಲನೇ ನೀರನ್ನ ದನಕ್ಕೆ ಕೊಡೋ ಕಲಗಚ್ಚಿನ ಬಾನಿಗೆ ಸುರಿದುಬಿಟ್ಟಿದ್ದಾಳೆ. ಕರು ಕುಡೀತು. ಸಂಜೆಯೊಳಗೆ ಹೋಯ್ತು."

"ಅಯ್ಯೋ," ಎಂದಳು ಅರ್ಪಣಾ.

"ಹಾವು ಕಡಿದಿರಬೇಕು ಅಂದ್ರು ಮನೆಯವರೆಲ್ಲ. ಅವಳು ಬಾಯಿ ಬಿಡ್ಲಿಲ್ಲ. ಚೌತಿಗೆ ನಾನು ಹೋದಾಗ ಕೊಟ್ಟಿಗೆ ಹಿಂದೆ ಕರ್ಕೊಂಡು ಹೋಗಿ ಹೇಳಿದ್ಳು. ಅಪ್ಪಯ್ಯನಿಗೆ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡ್ಳು. ಯಾರಿಗೂ ಹೇಳ್ಲಿಲ್ಲ ನಾನು. ಅವಳು ಹೋಗಿಯೇ ಎಂಟು ವರ್ಷ ಆಯ್ತು. ಇನ್ನೆಂತ ಮುಚ್ಚಿಡೋದು? ಆದ್ರೆ ಅವಳ ಕರೂನ ನೀನು ದೇವರು ಮಾಡ್ತೀಯ ಅಂದ್ರೆ ತಡ್ಕೊಳ್ಳೋಕೆ ಆಗ್ಲಿಲ್ಲ."

ಅರ್ಪಣಾಳಿಗೆ ತಾನು ಬರೆದಿಟ್ಟುಕೊಂಡಿದ್ದ ಪ್ರಶ್ನೆಗಳೆಲ್ಲ ಒಮ್ಮೆಗೇ ಸಣ್ಣವಾಗಿ ಕಂಡವು. "ಇದನ್ನ ಬರೀಬಹುದಾ ಅಜ್ಜ?" ಎಂದು ಮೆಲ್ಲಗೆ ಕೇಳಿದಳು.

"ನನ್ನ ಕೇಳಿದ್ರೆ? ಇಷ್ಟು ವರ್ಷ ಅದನ್ನ ಹೊತ್ತವಳು ಇವಳು. ಇವಳನ್ನ ಕೇಳು."

ಕಮಲಕ್ಕ ಹಿತ್ತಲ ಬೇಲಿಯತ್ತ ನೋಡಿದರು. ಮೂವತ್ತಾರು ಮಳೆಗಾಲ ಅವರು ಆ ಬೇಲಿಯವರೆಗೆ ನಡೆದಿದ್ದರು. ಅತ್ತೆ ಎಂದರೆ ಬಿಗಿದ ತುಟಿ, ಒಂದು ಮಾತಿಗೆ ಎರಡು ಮಾತಾಡದ ಹೆಂಗಸು ಎಂದೇ ತಿಳಿದಿದ್ದರು. ಕೇಳಬಾರದ್ದನ್ನು ಕೇಳಿದ ಆ ಬೆಳಿಗ್ಗೆ, ಅತ್ತೆ ಉತ್ತರ ಕೊಡದೆ ಖಾಲಿ ತಪ್ಪಲೆ ಹಿಡಿದು ಒಳಗೆ ಹೋದದ್ದು ಈಗ ಬೇರೆಯೇ ಆಗಿ ಕಣ್ಣಿಗೆ ಕಟ್ಟಿತು. ಸೆರಗಿನಿಂದ ಮುಖ ಒರೆಸಿಕೊಂಡು ರಘುಪತಿಯ ಎದುರಿನ ಬೆಂಚಿಗೆ ಬಂದು ಕೂತರು.

"ಯಾವ ಬಣ್ಣದ್ದಿತ್ತು ಮಾವ?"

"ಕಂದು," ಎಂದರು ರಘುಪತಿ. "ಹಣೇಲಿ ಒಂಚೂರು ಬಿಳಿ. ಹಿಂಗಿತ್ತು ನೋಡು, ಇಷ್ಟೇ ಎತ್ತರ." ಎತ್ತರ ತೋರಿಸಲು ಬೆಂಚಿನ ಪಕ್ಕ ಚಾಚಿದ ಅವರ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಸ್ವಲ್ಪ ಹೊತ್ತಿಗೆ ಬೆರಳುಗಳು ಮೆಲ್ಲಗೆ ಆಡತೊಡಗಿದವು, ಕಿವಿಯ ಹಿಂದೆ ತುರಿಸುವ ಹಾಗೆ.