ವಂದನಾಳ ಮೈಕು

ನೇರ ಪ್ರಸಾರದ ನಡುವೆಯೇ ಬಸಲಿಂಗವ್ವನ ಮೈಕು ಬಂದಾಯಿತು. ಕುರ್ಲಾದಲ್ಲಿ ಕುಸಿದ ಹಳೆಯ ಚಾಳ್ ಕಟ್ಟಡದಡಿ ಮಗಳನ್ನು ಕಳೆದುಕೊಂಡಿದ್ದ ಆಕೆ, "ಮನಿ ಖಾಲಿ ಮಾಡ್ರಿ ಅಂತ ನಮಗ ಯಾರೂ ನೋಟಿಸ್ ಕೊಟ್ಟಿಲ್ರಿ" ಎಂದು ಎದುರಿಗೆ ಕೂತ ಶಾಸಕರಿಗೆ ಹೇಳುತ್ತಲೇ ಇದ್ದಳು. ಆಕೆಯ ಕನ್ನಡವನ್ನು ಮರಾಠಿಗೆ ತಿರುಗಿಸುತ್ತಿದ್ದ ನಿರೂಪಕಿ ವಂದನಾಳ ಕಿವಿಯ ಇಯರ್‌ಫೋನಿನಲ್ಲಿ ಸಂಪಾದಕ ಅಮೋಲ್‌ನ ದನಿ ಕೇಳಿತು: "ನಾನೇ ಬಂದ್ ಮಾಡಿಸಿದೆ. ಇನ್ನು ಶಾಸಕರನ್ನು ಮಾತಾಡಿಸು."

ಇಪ್ಪತ್ತು ವರ್ಷಗಳಲ್ಲಿ ವಂದನಾ ಇಂಥ ಮಾತನ್ನು ಎಂದೂ ಮೀರಿರಲಿಲ್ಲ. ಗೋರೆಗಾಂವ್‌ನ ಈ ಸ್ಟುಡಿಯೋದಲ್ಲಿ ಅವಳಿಗೆ ಸಿಕ್ಕ ಹೆಸರು, ಕುರ್ಚಿ ಎಲ್ಲವೂ ಆ ವಿಧೇಯತೆಯಿಂದಲೇ ಬಂದಿದ್ದವು. ಮೈಕು ಬಂದಾದದ್ದು ತಿಳಿಯದ ಬಸಲಿಂಗವ್ವ ಮಾತ್ರ ಕೈಮುಗಿದುಕೊಂಡು ಇನ್ನೂ ಮಾತಾಡುತ್ತಿದ್ದಳು.

ವಂದನಾ ಎದ್ದು ಹೋಗಿ, ತನ್ನ ಕಾಲರಿನ ಮೈಕನ್ನು ಬಿಚ್ಚಿ ಆಕೆಯ ಸೆರಗಿಗೆ ಸಿಕ್ಕಿಸಿದಳು. ನಿರೂಪಕಿಯ ಮೈಕನ್ನೇ ಬಂದ್ ಮಾಡುವ ಧೈರ್ಯ ಕಂಟ್ರೋಲ್ ರೂಮಿನಲ್ಲಿದ್ದ ಯಾರಿಗೂ ಆಗಲಿಲ್ಲ. ತನ್ನ ನೌಕರಿ ಇಂದಿಗೆ ಮುಗಿಯಿತೆಂದು ಅವಳಿಗೆ ಗೊತ್ತಿತ್ತು.

"ಮೊದಲಿಂದ ಹೇಳ್ರಿ, ಅವ್ವಾ," ಎಂದಳು.

"ನನ್ನ ಮಗಳ ಹೆಸರು ದಾನಮ್ಮರಿ. ಸಾಲ್ಯಾಗ ಒಂಬತ್ತನೇತ್ತಾ ಕಲೀತಿದ್ಳು. ನೋಟಿಸ್ ಬಂದಿದ್ರ ಆಕೀನ ನಮಗ ಓದಿ ಹೇಳತಿದ್ಳು."

ವಂದನಾ ಅದೇ ಮೈಕಿಗೆ ಬಾಗಿ, ಒಂದಕ್ಷರವೂ ಬಿಡದೆ ಮರಾಠಿಯಲ್ಲಿ ಹೇಳಿದಳು.