ಸಿಹಿಯಾದ ಸಾರು

ಚನ್ನಬಸಪ್ಪ ಮೊದಲ ತುತ್ತಿಗೇ ಹೆಂಡತಿಯ ಮುಖ ನೋಡಿದ.

"ಸಾರಿಗೆ ಬೆಲ್ಲ ಹಾಕೀಯೇನು?"

"ಇಲ್ರಿ," ಅಂದಳು ನೀಲಗಂಗವ್ವ.

ಇಬ್ಬರೂ ಎದ್ದು ದವಾಖಾನೆಗೆ ಹೊರಟರು. ಅಡುಗೆ ಮಾಡುವವರ ಮೈಯಲ್ಲಿ ಕ್ಯಾನ್ಸರ್ ಅಡಗಿದ್ದರೆ ಮೊದಲು ಕೆಡುವುದು ಕೈರುಚಿ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ.

ದವಾಖಾನೆಯ ಒಲೆಯ ಮೇಲೆ ಅವಳು ಮತ್ತೆ ಸಾರು ಕುದಿಸಿದಳು. ಡಾಕ್ಟರ್ ವಹೀದಾ ಒಂದು ಚಮಚ ಕುಡಿದು, "ಮೂತ್ರಪಿಂಡದಾಗ ಐತಿ, ಅವ್ವಾ. ಇನ್ನೂ ಸಣ್ಣದು, ತೆಗೆದುಬಿಡ್ತೀವಿ," ಅಂದರು.

ಆಪರೇಷನ್ನಿನ ಗಾಯ ಮಾಯ್ದ ಮೇಲೆ ನೀಲಗಂಗವ್ವ ಮನೆಯಲ್ಲಿ ಮತ್ತೆ ಒಗ್ಗರಣೆ ಹಾಕಿದಳು. ಗಂಡ ಸಾರು ಕಲಸಿ ಒಂದು ತುತ್ತು ಉಂಡ.

"ಹೆಂಗೈತ್ರಿ?"

"ಹುಳಿ ಜಾಸ್ತಿ ಆಗೇತಿ. ಯಾವಾಗ್ಲೂ ಹಿಂಗ ಮಾಡ್ತಿ ನೋಡು!"

ಆ ಬೈಗುಳ ಕೇಳಿ ನೀಲಗಂಗವ್ವನಿಗೆ ಹೋದ ಜೀವ ಬಂದಂತಾಯಿತು. ನಗುತ್ತ ಅವನ ತಟ್ಟೆಗೆ ಇನ್ನೊಂದು ಸೌಟು ಸುರಿದಳು.