ಒರೆಸಿದ ಗಾಜು

"ಇವನ ಬಸ್ಸು ದಿನಾ ಐದು ನಿಮಿಷ ಲೇಟು. ಅದಕ್ಕೇ ಸಂಬಳ ಹಿಡಿದಿದ್ದೀವಿ, ಭತ್ಯೆನೂ ಕೊಟ್ಟಿಲ್ಲ," ಎಂದರು ಕಂಪನಿಯ ವಕೀಲರು.

"ಮೂರನೇ ಸ್ಟಾಪಿನಲ್ಲಿ ಯಾಕಪ್ಪಾ ಅಷ್ಟು ಹೊತ್ತು ನಿಲ್ತಿದ್ದೆ?" ಎಂದು ಕಾರ್ಮಿಕ ಅಧಿಕಾರಿ ಕೇಳಿದಾಗ ಸ್ಟಾಫ್ ಬಸ್ಸಿನ ಡ್ರೈವರ್ ತಲೆ ಕೆರೆದುಕೊಂಡ. "ಗಾಜು ಒರೆಸ್ತಿದ್ದೆ ಸಾರ್."

ಕಂಪನಿಯ ಪರ ಸಾಕ್ಷಿ ಹೇಳಲು ಬಂದಿದ್ದ ಗುಮಾಸ್ತೆ ತಟ್ಟನೆ ತಲೆಯೆತ್ತಿ ಅವನನ್ನು ನೋಡಿದಳು. ಆ ಮೂರನೇ ಸ್ಟಾಪು ಅವಳದು. ಅವಳು ಕುಂಟುತ್ತಾ ತಿರುವು ದಾಟುವಾಗಲೆಲ್ಲ ಅವನು ಫಳಫಳ ಹೊಳೆಯುವ ಗಾಜನ್ನೇ ಒರೆಸುತ್ತಿರುತ್ತಿದ್ದ. ಅವಳು ಹತ್ತಿದ್ದೇ ತಡ, ಬಟ್ಟೆ ಒಳಗೆಸೆದು ಹೊರಡುತ್ತಿದ್ದ. ಸದ್ಯ, ಇವತ್ತೂ ಬಸ್ಸು ಸಿಕ್ಕಿತು ಎಂದುಕೊಳ್ಳುತ್ತಾ ಆಫೀಸಿಗೆ ಹೋಗಿ, ಅವನ ಸಂಬಳಕ್ಕೆ ಕತ್ತರಿ ಹಾಕುತ್ತಿದ್ದವಳೂ ಅವಳೇ.

ಕೋಲೂರಿ ಎದ್ದು ನಿಂತಳು. "ಬರ್ಕೊಳ್ಳಿ ಸಾರ್. ಆ ಐದು ನಿಮಿಷ ಇವನದಲ್ಲ, ನಂದು."

ಡ್ರೈವರ್ ಗಡಿಬಿಡಿಯಲ್ಲಿ ಕುರ್ಚಿ ಎಳೆದು ತಂದ. "ಕೂತ್ಕೊಂಡೇ ಹೇಳಿ ಅಕ್ಕಾ. ಅವಸರ ಏನಿಲ್ಲ."